ಎಲ್ಲಿಗೂ ಹೋಗದ ಗಿರಾಕಿ

ನನ್ನ ತಮ್ಮ ಹಲ್ಲಿನ ಡಾಕ್ಟರುಗಳ ಕುರ್ಚಿ ರಿಪೇರಿ ಮಾಡುತ್ತಿದ್ದ. ಪೆಡಲು ಒತ್ತಿದರೂ ಮೇಲೇಳದ ಕುರ್ಚಿ, ಎಣ್ಣೆ ಸೋರುವ ಕುರ್ಚಿ, ರೋಗಿ ಬಾಯಿ ತೆರೆದಿರುವಾಗಲೇ ತಾನಾಗಿ ಕೆಳಗಿಳಿಯುವ ಕುರ್ಚಿ. ಇವುಗಳ ಹಿಂದೆ ಊರೂರು ತಿರುಗಿದ. ಹೆಂಡತಿಯ ತವರಿನವರು ಬೆನ್ನ ಹಿಂದೆ ಅವನನ್ನು ‘ಕುರ್ಚಿ ಭಾವ’ ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು, ಬೇಸರವಿರಲಿಲ್ಲ. ಬೇಸರ ಮಾಡಿಕೊಳ್ಳುವುದು ಅವನಿಗೆ ಬರುತ್ತಲೇ ಇರಲಿಲ್ಲ. ಊರಿನವರು ಅದನ್ನು ಒಳ್ಳೆಯತನ ಎಂದರು.

ತಿಂಗಳಿಗೊಮ್ಮೆ ದೊಡ್ಡ ನಗರಕ್ಕೆ ಹೋಗಬೇಕಿತ್ತು. ಕಂಪನಿ ಅವನನ್ನು ಯಾವಾಗಲೂ ಒಂದೇ ಹೋಟೆಲಿನಲ್ಲಿ ಇಳಿಸುತ್ತಿತ್ತು. ಕಪ್ಪು ಕಲ್ಲಿನ ನೆಲ, ಸದ್ದಿಲ್ಲದ ಲಿಫ್ಟು, ಗೋಡೆಯ ಮೇಲೆ ಯಾರಿಗೂ ಅರ್ಥವಾಗದ ಚಿತ್ರಗಳು. ಮೊದಲ ಸಲವೇ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡರು. ತಂಗಿದಷ್ಟೂ ಅಂಕ ಬರುತ್ತದೆ, ಅಂಕ ಬೆಳೆದಂತೆ ಕಾರ್ಡಿನ ಬಣ್ಣ ಬದಲಾಗುತ್ತದೆ. ಶಾಲೆಯಲ್ಲಿ ಅಂಕಗಳಿಗೂ ಅವನಿಗೂ ಆಗಿಬರುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಚಿನ್ನದ ಬಣ್ಣದ ಕಾರ್ಡು ಬಂದಾಗ ತಂದು ನನ್ನ ಕೈಗಿಟ್ಟು ಪಕ್ಕದಲ್ಲೇ ನಿಂತ.

“ಪ್ಲಾಸ್ಟಿಕ್ಕು,” ಎಂದೆ.

“ನಿನಗೆ ಇದೆಲ್ಲ ಗೊತ್ತಾಗಲ್ಲ ಬಿಡಕ್ಕ,” ಎಂದು ಕಿತ್ತುಕೊಂಡ.

ಹೋಟೆಲಿನವರು ತನ್ನನ್ನು ಮನೆಯವನಂತೆ ನೋಡಿಕೊಳ್ಳುತ್ತಾರೆ ಎಂಬುದು ಅವನ ನಂಬಿಕೆ. ಅದರಲ್ಲೂ ಕೌಂಟರಿನ ಹುಡುಗಿ. ಅವನು ಹೋಗತೊಡಗಿದಾಗ ಅವಳು ಹೊಸದಾಗಿ ಕೆಲಸಕ್ಕೆ ಸೇರಿದ್ದಳು, ಈಗ ಮೇಲ್ವಿಚಾರಕಿ. ಒಮ್ಮೆ ಅವಳ ಮುಂದಿನ ಹಲ್ಲು ಮುರಿದಾಗ, ತಾನು ಕುರ್ಚಿ ಸರಿಮಾಡಿಕೊಟ್ಟಿದ್ದ ಡಾಕ್ಟರ ಬಳಿಗೆ ಕರೆದೊಯ್ದು ಪುಕ್ಕಟೆ ಹಲ್ಲು ಕಟ್ಟಿಸಿದ್ದ. ಮನೆಯಲ್ಲಿ ಅವಳ ಮಾತು ಬಂದರೆ ಹೆಂಡತಿ, “ಏನಂತೆ ನಿಮ್ಮ ದತ್ತುಪುತ್ರಿ?” ಎಂದು ಕೇಳುತ್ತಿದ್ದಳು.

ಆ ಹೆಂಡತಿ ಶಿಶುವಿಹಾರದಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಇನ್ನೊಬ್ಬರ ಮಕ್ಕಳನ್ನು ಎತ್ತಿ ಇಳಿಸಿ ಸೊಂಟ ಹಿಡಿದುಹೋಗಿತ್ತು. ತಮ್ಮನೋ ಪ್ರತಿ ಸಲ ಬಂದವನು ಹೋಟೆಲಿನ ಮೂಲೆಯ ಕೋಣೆಯಲ್ಲಿರುವ ಬಿಳಿಯ ಟಬ್ಬಿನ ವರ್ಣನೆ ಮಾಡುತ್ತಿದ್ದ. ಮಲಗಿದರೆ ಕಿವಿಯವರೆಗೂ ಬಿಸಿನೀರು, ಕಿಟಕಿಯಾಚೆ ಇಡೀ ನಗರ.

“ಹೇಳ್ತಾನೇ ಇರಿ. ಕೇಳಿ ಕೇಳಿ ನನ್ನ ಮೈ ಒದ್ದೆಯಾಯ್ತು,” ಎನ್ನುತ್ತಿದ್ದಳು ಅವಳು. ನಗುತ್ತಲೇ ಹೇಳಿದರೂ ಆಸೆ ಮಾತ್ರ ನಿಜವಾದದ್ದು. ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ನಿವೃತ್ತಿಯಾದ ತಿಂಗಳೇ ಕೂಡಿಟ್ಟ ಅಂಕಗಳನ್ನೆಲ್ಲ ಸುರಿದು ಆ ಕೋಣೆಯನ್ನು ಎರಡು ದಿನಕ್ಕೆ ಕಾದಿರಿಸಿದ. ಶಿಶುವಿಹಾರದ ಆಯಾಗಳಿಗೆಲ್ಲ ಅವಳು ಹೇಳಿಕೊಂಡು ಬಂದಳು.

ನಾನು ಜೊತೆಗೆ ಹೋಗಿರಲಿಲ್ಲ. ಇಬ್ಬರೂ ಬೇರೆ ಬೇರೆಯಾಗಿ ಬಂದು ಹೇಳಿದರು. ಎರಡನ್ನೂ ಕೇಳಿ ಹೊಂದಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇವರು ಒಳಗೆ ಕಾಲಿಟ್ಟಾಗ ಕಪ್ಪು ಕನ್ನಡಕದವನೊಬ್ಬ ಕೌಂಟರು ಗುದ್ದಿ ಮ್ಯಾನೇಜರನನ್ನು ಕರೆಯಿರಿ ಎಂದು ಕೂಗಾಡುತ್ತಿದ್ದ. ಮೇಲ್ವಿಚಾರಕಿ ಇವರನ್ನು ಪಕ್ಕಕ್ಕೆ ಕರೆದಳು.

“ಅಂಕಲ್, ಒಂದು ಸಣ್ಣ ತೊಂದ್ರೆ ಆಗಿದೆ. ರೂಮೆಲ್ಲ ತುಂಬಿಹೋಗಿದೆ. ಹಿಂದಿನ ರಸ್ತೆ ಹೋಟೆಲಲ್ಲಿ ಅಡ್ಜಸ್ಟ್ ಮಾಡ್ಕೋತೀರಾ? ಕಾರಲ್ಲಿ ಬಿಡ್ತಾರೆ. ಹಣ್ಣಿನ ಬುಟ್ಟಿ ಇಡಿಸ್ತೀನಿ. ಅಂಕ ಡಬಲ್!”

“ಅಯ್ಯೋ, ಅದಕ್ಕೇನಮ್ಮ. ಆಯ್ತು,” ಎಂದ ನನ್ನ ತಮ್ಮ.

ಆಯ್ತು ಎನ್ನುವಾಗ ಅವನು ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ಕಾರಿನಲ್ಲಿ, “ಪಾಪ, ಅವರಿಗೂ ಎಷ್ಟು ಒತ್ತಡ ನೋಡು,” ಎಂದು ಹೋಟೆಲಿನವರ ಪರವಾಗಿ ವಾದ ಮಂಡಿಸಿದ. ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

ಹಿಂದಿನ ರಸ್ತೆಯ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಜನರೇಟರು. ಬಚ್ಚಲಿನ ಬಾಗಿಲು ಕಮೋಡಿಗೆ ಬಡಿದು ಅರ್ಧಕ್ಕೇ ನಿಲ್ಲುತ್ತಿತ್ತು. ಮೇಜಿನ ಮೇಲೆ ಪ್ಲಾಸ್ಟಿಕ್ ಹೊದ್ದ ಸೇಬುಗಳಿದ್ದವು. ಅವಳು ಚಪ್ಪಲಿಯನ್ನೂ ಬಿಚ್ಚದೆ ಮಂಚದ ಅಂಚಿನಲ್ಲಿ ಕೂತಳು.

“ಟಬ್ಬು?”

“ಇಲ್ಲಿ ಇಲ್ವಂತೆ.”

“ಅಂತೆ?”

ಆ ಒಂದು ಪದಕ್ಕೆ ಅವನು ಎದ್ದ. ಮಾತಾಡಿಕೊಂಡು ಬರುತ್ತೇನೆಂದು ಮತ್ತೆ ಹೋಟೆಲಿಗೆ ನಡೆದ. ಹೋಗಿ ನೋಡಿದರೆ ಕಪ್ಪು ಕನ್ನಡಕದವನ ಪೆಟ್ಟಿಗೆಗಳನ್ನು ಮೂಲೆಯ ಕೋಣೆಗೆ ಸಾಗಿಸುತ್ತಿದ್ದರು.

“ಅವರೂ ಸದಸ್ಯರಾ ಅಮ್ಮ?”

“ಇಲ್ಲ ಅಂಕಲ್, ಮೊದಲನೇ ಸಲ ಬಂದಿರೋದು. ಅವರನ್ನ ಕಳಿಸಿದ್ರೆ ಇನ್ನೊಂದು ಸಲ ಈ ಕಡೆ ತಲೆ ಹಾಕಲ್ಲ. ನೀವಾದ್ರೆ ಎಲ್ಲಿಗೆ ಹೋಗ್ತೀರಾ ಹೇಳಿ! ಯಾರನ್ನ ಕಳಿಸೋಣ ಅಂತ ಮ್ಯಾನೇಜರ್ ಕೇಳಿದಾಗ ನಿಮ್ಮ ಹೆಸರು ನಾನೇ ಹೇಳಿದ್ದು. ಅಂಕಲ್ ನಮ್ಮವರು, ಏನೂ ಅಂದ್ಕೊಳ್ಳಲ್ಲ ಅಂದೆ.”

ಬಹುಮಾನ ಕೊಡುವವಳ ಹಾಗೆ ನಗುತ್ತ ಹೇಳಿದಳಂತೆ. ಕಟ್ಟಿಸಿದ ಹಲ್ಲು ಚೆನ್ನಾಗಿ ಕಾಣುತ್ತಿತ್ತು ಎಂದು ತಮ್ಮ ಹೇಳಿದ. ಮೋಸಕ್ಕೆ ಕೆಟ್ಟ ಮನಸ್ಸು ಬೇಕೇ ಬೇಕು ಎಂದುಕೊಂಡಿದ್ದವನು ಅವನು. ಆ ಹುಡುಗಿಯಲ್ಲಿ ಹುಡುಕಿದ, ಸಿಗಲಿಲ್ಲ. ಹಿಂದಿನ ರಸ್ತೆಯ ಕೋಣೆಗೆ ಹಿಂದಿರುಗಿದ.

ಹೆಂಡತಿ ತನ್ನ ಪರವಾಗಿ ಸಿಟ್ಟಾಗುತ್ತಾಳೆ ಎಂದುಕೊಂಡು ಎಲ್ಲವನ್ನೂ ಹೇಳಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಈಗ ಗೊತ್ತಾಯ್ತಾ? ನಿಮ್ಮ ಸ್ನೇಹಿತ ಬಂದು ತಿಂಗಳುಗಟ್ಟಲೆ ಬಿದ್ಕೊಂಡಾಗ ಯಾರ ಮಂಚ ಬಿಟ್ಟುಕೊಟ್ರಿ? ಅವಳು ನಮ್ಮವಳೇ ಅಲ್ವಾ, ಅಡುಗೆಮನೇಲಿ ಮಲಗ್ತಾಳೆ ಅಂದ್ರಿ. ನನ್ನನ್ನ ಕೇಳಿದ್ರಾ? ಇವತ್ತು ಕೇಳಿದ್ರಾ? ನಿಮಗಾದ್ರೆ ಹಣ್ಣಿನ ಬುಟ್ಟಿ ಸಿಕ್ತು. ನನಗೆ ಅದನ್ನೂ ಯಾರೂ ಕೊಡಲಿಲ್ಲ.”

ಚೀಲ ಎತ್ತಿಕೊಂಡು ಹೊರಟಳು. ಬಸ್ ನಿಲ್ದಾಣಕ್ಕೆ ಹೋಗಿದ್ದಾಳೆ, ಸಿಟ್ಟು ಇಳಿದ ಮೇಲೆ ಬರುತ್ತಾಳೆ ಎಂದುಕೊಂಡು ಇವನು ಅಲ್ಲೇ ಕೂತ. ಬಾರದಿದ್ದಾಗ ಫೋನು ಮಾಡಿದ.

“ಎಲ್ಲಿದೀಯ?”

“ಟಬ್ಬಲ್ಲಿ.”

“ಯಾವ ಟಬ್ಬು?”

“ನಿಮ್ಮ ಹೋಟೆಲ್‌ದೇ. ಮೂಲೆ ರೂಮಲ್ಲ, ಅದರ ಕೆಳಗಿಂದು. ಕೌಂಟರ್ ಮುಂದೆ ನಿಂತು ಕಿರುಚಿದೆ. ಮಕ್ಕಳ ಜೊತೆ ಇಷ್ಟು ವರ್ಷ ಇದ್ದೋಳು ನಾನು, ಯಾವ ಥರ ಅತ್ರೆ ಯಾರು ಓಡಿಬರ್ತಾರೆ ಅಂತ ಗೊತ್ತಿಲ್ವಾ? ರೂಮು ಖಾಲಿ ಇತ್ತು ರೀ. ಬೆಳಗ್ಗೆಯಿಂದ್ಲೂ ಇತ್ತು. ಗಲಾಟೆ ಮಾಡೋರಿಗೆ ಅಂತ ಒಂದನ್ನ ಯಾವಾಗ್ಲೂ ಇಟ್ಕೊಂಡಿರ್ತಾರಂತೆ, ಟವೆಲ್ ತಂದ ಹೆಂಗಸು ಹೇಳಿದ್ಲು.”

“ನಾನೂ ಬರಲಾ?”

“ಬೇಡ. ಒಬ್ಬರು ಅಂತ ಬರೆಸಿದೀನಿ.”

ಕೋಣೆ ಖಾಲಿಯಿತ್ತು ಎಂಬ ಮಾತು ಅವನನ್ನು ಚುಚ್ಚಿದಷ್ಟು ಬೇರೆ ಯಾವುದೂ ಚುಚ್ಚಲಿಲ್ಲ. ಇಲ್ಲದಿದ್ದಾಗ ಬಿಟ್ಟುಕೊಡುವುದು ಬೇರೆ, ಇದ್ದೂ ಇಲ್ಲ ಎನ್ನಿಸಿಕೊಳ್ಳುವುದು ಬೇರೆ. ಮಾರನೆಯ ದಿನ ಆ ಹುಡುಗಿಗೆ ಮುಖಕ್ಕೆ ಹೊಡೆದ ಹಾಗೆ ಏನೇನು ಹೇಳಬೇಕು ಎಂದು ಜನರೇಟರಿನ ಸದ್ದಿನಲ್ಲಿ ಮಾತು ಜೋಡಿಸಿಕೊಂಡ. ನನಗೂ ಅದನ್ನು ಒಪ್ಪಿಸಿದ. ಚೆನ್ನಾಗಿಯೇ ಇತ್ತು.

ಬೆಳಿಗ್ಗೆ ಹೋಟೆಲಿನ ಹಜಾರದಲ್ಲಿ ಹೆಂಡತಿಗಾಗಿ ಕಾಯುತ್ತ ಕೂತಿದ್ದಾಗ ಮೇಲ್ವಿಚಾರಕಿ ತಾನೇ ಬಂದು ಕಾಫಿ ಕೊಟ್ಟಳು.

“ಆಂಟಿ ಸ್ವಲ್ಪ ಜೋರು, ಅಲ್ವಾ ಅಂಕಲ್? ನಿಮ್ಮ ಥರ ಅಲ್ಲ.”

“ಹೂಂನಮ್ಮ, ಏನ್ಮಾಡೋದು,” ಎಂದ ನನ್ನ ತಮ್ಮ.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಹೆಂಡತಿ ಹೊರಗೆ ಬಂದು ನಿಂತದ್ದು ಅವನಿಗೆ ಗೊತ್ತಾಗಲಿಲ್ಲ.

“ಕಾಫಿ ಊದಿ ಊದಿ ಕುಡೀತಾ ಹೂಂ ಅಂದ್ರು, ಅತ್ತಿಗೆ,” ಎಂದಳು ಅವಳು ನನ್ನ ಮುಂದೆ. ಅತ್ತಿರಲಿಲ್ಲ. ಆ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿ ಊರಿಗೆ ಬಂದು ಅವನ ಹಾಸಿಗೆಯನ್ನು ಹಜಾರಕ್ಕೆ ಎಳೆದುಹಾಕಿದ್ದಳು. ಅದು ಇವತ್ತಿಗೂ ಅಲ್ಲೇ ಇದೆ.

ಅವನು ನನ್ನ ಬಳಿಗೆ ಬಂದದ್ದು ಎರಡು ದಿನಗಳ ಮೇಲೆ.

“ಎಲ್ಲರೂ ಕೈಕೊಟ್ಟರಕ್ಕ. ಹೋಟೆಲ್‌ನೋರು, ಆ ಹುಡುಗಿ, ಕೊನೆಗೆ ಇವಳೂ.”

“ಹೂಂ ಅಂದೆಯಂತೆ?” ಎಂದು ಕೇಳಿದೆ.

ಅವನು ನನ್ನನ್ನು ನಿಜವಾದ ಆಶ್ಚರ್ಯದಿಂದ ನೋಡಿದ.

“ಕಾಫಿ ಕೊಟ್ಟಿದ್ಲಲ್ಲಕ್ಕ, ಇನ್ನೇನಂತ ಹೇಳೋದು?”