ಡಿವಿಡೆಂಡ್ ಕೊಡದ ವರ್ಷವನ್ನು ಮಳೆಗಾಲ ಅಂದುಕೊಂಡೆ

ಮೊಬೈಲಿನಲ್ಲಿ ಯಾವುದೋ ಕಂಪನಿಯ ಶೇರು ನೋಡುವಾಗ "ಡಿವಿಡೆಂಡ್ ಯೀಲ್ಡ್ ಹನ್ನೆರಡು ಪರ್ಸೆಂಟ್" ಅಂತ ಕಂಡು, ಬ್ಯಾಂಕಿನವರು ಇಷ್ಟು ವರ್ಷ ನಮ್ಮನ್ನು ಮಂಗ ಮಾಡಿದರು ಅಂತ ನಿಮಗೂ ಅನಿಸಿದ್ದುಂಟಾ? ನನಗೆ ಅನಿಸಿತು. ಅನಿಸಿ ಸುಮ್ಮನಿದ್ದರೆ ತೊಂದರೆ ಇರಲಿಲ್ಲ. ಹೋಗಿ ಅಕ್ಕನಿಗೆ ಹೇಳಿಬಿಟ್ಟೆ.

ಅಕ್ಕ ಇರುವುದು ಬೀಜಾಡಿಯಲ್ಲಿ. ಮಂಡಿನೋವು ಬಂದು ಮೀನು ಮಾರುವುದನ್ನು ಬಿಟ್ಟಿದ್ದಳು. ಬೋಟಿನಲ್ಲಿ ಅವಳಿಗಿದ್ದ ಪಾಲನ್ನೂ ಆಗಷ್ಟೇ ಮಾರಿದ್ದಳು. ಇನ್ನು ಅವಳ ಅನ್ನ, ಔಷಧಿ ಎಲ್ಲ ಆ ದುಡ್ಡಿನಲ್ಲೇ ಆಗಬೇಕು.

"ಹನ್ನೆರಡ್ ಅಂದ್ರೆ ನೂರಕ್ಕೆ ಹನ್ನೆರಡ್ ರೂಪಾಯಿ ಕೊಡ್ತ್ರಾ ಹೆಣೆ?"

"ಹೌದಕ್ಕ, ಇಲ್ಲೇ ಬರ್ದಿತ್ತ್ ಕಾಣ್."

"ವರ್ಷವೂ ಕೊಡ್ತ್ರಾ?"

ಅದು ನನಗೂ ಗೊತ್ತಿರಲಿಲ್ಲ. ಕಂಪನಿ ಹಿಂದೆ ಯಾವ ವರ್ಷ ಎಷ್ಟು ಲಾಭದ ಪಾಲು ಕೊಟ್ಟಿದೆ ಅಂತ ಮೊಬೈಲಿನಲ್ಲೇ ಹುಡುಕಿದೆ. ಒಂದು ವರ್ಷ ಕೊಟ್ಟಿದ್ದಾರೆ, ಮರುವರ್ಷ ಸೊನ್ನೆ. ಮತ್ತೆ ಒಂಚೂರು, ಮತ್ತೆ ಸೊನ್ನೆ. ಕಳೆದ ವರ್ಷ ಮಾತ್ರ ದೊಡ್ಡ ಮೊತ್ತ. ಬೇರೆಯವರು ಆ ಸೊನ್ನೆ ಕಂಡು ಹೆದರುತ್ತಿದ್ದರೋ ಏನೋ. ನಾವು ಮಳೆಗಾಲದಲ್ಲಿ ಬೋಟು ನಿಲ್ಲಿಸಿ ಕೂರುವ ಜನ. ಆ ತಿಂಗಳುಗಳಲ್ಲಿ ಪಾಲು ಬರುವುದಿಲ್ಲ. ಹಾಗಂತ ಬೋಟು ಮುಳುಗಿತು ಅಂತ ಯಾರೂ ಅಳುವುದಿಲ್ಲ.

"ನಡುವೆ ಮಳ್ಗಾಲ ಇಪ್ದೇ ಅಲ್ದಾ" ಅಂದಳು ಅಕ್ಕ. ನಾನೂ ಹೌದೌದು ಅಂದೆ.

ಆದರೂ ದುಡ್ಡು ಹಾಕುವ ಮೊದಲು ಒಬ್ಬರನ್ನು ಕೇಳೋಣ ಅಂತ ಇಬ್ಬರೂ ಬಸ್ಸು ಹತ್ತಿ ಯಡ್ತರೆಗೆ ಹೋದೆವು. ಅಲ್ಲಿ ನನ್ನ ಗಂಡನ ಅಣ್ಣ ಇದ್ದಾರೆ. ಮುಂಬೈಯಲ್ಲಿ ಹೋಟೆಲ್ ನಡೆಸುವಾಗಿನಿಂದ ಶೇರು ತೆಗೆದುಕೊಂಡು, ಗೆದ್ದು, ಸೋತು ಬಂದವರು. ಭಾವ ಕನ್ನಡಕ ಏರಿಸಿ ನನ್ನ ಮೊಬೈಲನ್ನು ಬಹಳ ಹೊತ್ತು ತಿಕ್ಕಿದರು.

"ಹ್ವಾಯ್, ಕಳ್ದ್ ವರ್ಷ ಈ ಕಂಪನಿಯವ್ರ್ ಜಾಗ ಮಾರಿರ್. ಆ ದುಡ್ಡ್ ಹಂಚಿದ್ದ್ ಇದ್. ಮೀನ್ ಹಿಡ್ದ್ ಕೊಟ್ಟದ್ದಲ್ಲ, ಬಲೆ ಮಾರಿ ಕೊಟ್ಟದ್. ಬಪ್ಪು ವರ್ಷ ಎಂತ ಮಾರ್ತ್ರ್?"

"ಮತ್ತೆ ಹನ್ನೆರಡ್ ಅಂದ್ ಎಂತಕ್ಕೆ ಬರ್ದಿತ್ತ್ ಭಾವ?"

"ಅದ್ ಕಳ್ದ್ ವರ್ಷ ಕೊಟ್ಟದ್ದನ್ನ ಇವತ್ತಿನ ರೇಟಿಗೆ ಲೆಕ್ಕ ಹಾಕೂದ್. ಇನ್ನೂರ್ ರೂಪಾಯಿ ಶೇರಿಗೆ ಹತ್ತ್ ಕೊಟ್ರೆ ಐದ್ ಪರ್ಸೆಂಟ್. ಅದೇ ಶೇರ್ ಬಿದ್ದ್ ನೂರ್ ಆದ್ರೆ, ಹತ್ತ್ ಪರ್ಸೆಂಟ್."

"ಹಾಂಗಾರೆ ಇನ್ನೂ ಬೀಳ್ಲಿ, ಲಾಭ ಅಲ್ದಾ?" ಅಂದಳು ಅಕ್ಕ.

ಭಾವ ಹಣೆ ಚಚ್ಚಿಕೊಂಡರು. "ಬಿದ್ರೆ ನೀವ್ ಹಾಕಿದ್ ದುಡ್ಡೇ ಕಮ್ಮಿ ಆತ್ತಲ್ದಾ! ನಿಮ್ಗೆ ಹೇಳೂದ್ಕಿಂತ ಬಾವಿಗ್ ಹಾರೂದ್ ಸುಲಭ ಮಾರಾಯ್ತಿ!"

ನನಗೂ ಅಕ್ಕನಷ್ಟೇ ಅರ್ಥವಾಗಿತ್ತು. ಮರ್ಯಾದೆಗೆ ತಲೆ ಆಡಿಸಿದೆ. ಮಳೆಗಾಲದ ಮಾತು ತೆಗೆದಾಗ ಭಾವ ನಗಲಿಲ್ಲ. "ಮಳ್ಗಾಲ ಯಾವಾಗ ಮುಗಿತ್ತ್ ಅಂದ್ ನಿಮ್ಗೆ ಗೊತ್ತಿತ್ತ್. ಇವ್ರ ಸೊನ್ನೆ ಯಾವಾಗ ಮುಗಿತ್ತ್ ಅಂದ್ ಇವ್ರಿಗೇ ಗೊತ್ತಿಲ್ಲ" ಅಂದರು.

ಮರುದಿನ ಅಕ್ಕ ಬೋಟಿನ ದುಡ್ಡಿನ ಹೆಚ್ಚಿನ ಭಾಗವನ್ನು ಪೋಸ್ಟಾಫೀಸಿನಲ್ಲಿ ಹಾಕಿದಳು. ತಿಂಗಳು ತಿಂಗಳು ಬಡ್ಡಿ ಕೈಗೆ ಬಂದರೆ ಸಾಕಂತೆ.

ಕಥೆ ಮುಗಿಯಿತು ಅಂದುಕೊಂಡಿದ್ದೆ. ಮೊನ್ನೆ ನೋಡಿದರೆ ಕಂಪನಿ ಈ ವರ್ಷವೂ ಕೊಟ್ಟಿದೆ, ಚಿಲ್ಲರೆ ಮೊತ್ತ. ಯೀಲ್ಡ್ ಎರಡಕ್ಕೆ ಇಳಿದಿದೆ. ಶೇರಿನ ಬೆಲೆ ಮಾತ್ರ ಏರಿದೆ! ಬಾಯಿ ಮುಚ್ಚಿ ಕೂರಲಿಕ್ಕೆ ನನ್ನಿಂದಾಗುತ್ತದಾ? ಅಕ್ಕನಿಗೆ ಫೋನು ಮಾಡಿದೆ.

"ಹಾಂಗಾರೆ ಕಂಪನಿ ಒಳ್ಳೇದಾಯ್ತಾ, ಹಾಳಾಯ್ತಾ?"

"ಗೊತ್ತಿಲ್ಲಕ್ಕ."

"ನಾನ್ ಒಂಚೂರ್ ದುಡ್ಡ್ ಬದಿಗಿಟ್ಕಂಡಿದ್ದೆ. ನಿಂಗ್ ಅರ್ಥ ಆದ್ ಮೇಲೆ ಹೇಳ್" ಅಂದು ಫೋನಿಟ್ಟಳು.

ಆ ಒಂಚೂರು ಇನ್ನೂ ಹಾಗೇ ಇದೆ. ಭಾವನಿಗೆ ಮತ್ತೆ ಫೋನು ಮಾಡುವ ಧೈರ್ಯ ನನಗಿಲ್ಲ. ಡಿವಿಡೆಂಡ್ ನಂಬಿ ಶೇರು ತೆಗೆದವರು, ತೆಗೆಯದೆ ಉಳಿದವರು, ನಿಮಗೆ ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಕೆಳಗೆ ಬರೆಯಿರಿ. ನಾನು ಅಕ್ಕನಿಗೆ ಓದಿ ಹೇಳುತ್ತೇನೆ.