ಅಪ್ಪನ ಸ್ಕ್ರೂಡ್ರೈವರು, ಅಮ್ಮನ ಗುನುಗು

ಅಪ್ಪನ ಉದ್ದನೆಯ ಸ್ಕ್ರೂಡ್ರೈವರು ಈಗ ನನ್ನ ಮೇಜಿನ ಮೇಲಿದೆ. ಮರದ ಹಿಡಿ ಸವೆದು ಹೊಳೆಯುತ್ತದೆ. ಅಪ್ಪ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದರು. ಓಡುವ ಮಿಷನ್ನಿನ ಮೈಗೆ ಇದರ ತುದಿ ಆನಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ಕೂತರೆಂದರೆ ಯಾವ ಹಲ್ಲುಚಕ್ರ ಸವೆದಿದೆ ಎಂದು ಕರಾರುವಾಕ್ಕಾಗಿ ಹೇಳಿಬಿಡುತ್ತಿದ್ದರು.

ಅಂಗಡಿಯ ಇನ್ನೊಂದು ಮೂಲೆಯಲ್ಲಿ ಅಮ್ಮ ಹೊಲಿಯುತ್ತಿದ್ದಳು. ಹೊಲಿಯುವಾಗ ಗುನುಗುವುದು ಅವಳ ಅಭ್ಯಾಸ. ರಾಗವೋ, ದೇವರಿಗೇ ಪ್ರೀತಿ.

"ಎಲ್ಲೋ ಕಿರ್ರ್ ಅಂತಿದೆಯಲ್ಲೇ, ಎಣ್ಣೆ ಹಾಕ್ಲಾ?" ಎಂದು ಅಪ್ಪ ರೇಗಿಸುವರು.

"ನಿಮ್ಮ ತಲೆಗೆ ಹಾಕ್ಕೊಳ್ಳಿ!" ಎನ್ನುವಳು ಅಮ್ಮ. ನಾನು ಬೆಳೆದದ್ದೇ ಈ ಜಗಳ ಕೇಳುತ್ತ.

ಯಾವಾಗಲೋ ಆ ಜಗಳ ನಿಂತುಹೋಯಿತು. ನಾನು ಮದುವೆಯಾಗಿ ಪಕ್ಕದ ಬೀದಿಗೆ ಹೋಗಿದ್ದೆ, ಗಮನಿಸಲಿಲ್ಲ. ಗಿರಾಕಿಗಳು ಏನು ಹೇಳಿದರೂ ಅಪ್ಪ ಸುಮ್ಮನೆ ತಲೆಯಾಡಿಸತೊಡಗಿದ್ದರು. ಡಾಕ್ಟರಿಗೆ ಕಿವಿ ತೋರಿಸಿ ಎಂದರೆ ಮೂಗಿನ ತುದಿಯಲ್ಲೇ ಸಿಟ್ಟು: "ಮಿಷನ್ನಿನ ಹೊಟ್ಟೆಯೊಳಗಿನ ಸದ್ದು ಕೇಳುತ್ತೆ, ನಿಮ್ಮ ಮಾತು ಕೇಳಲ್ವಾ? ನೀವೇ ಈಗೀಗ ಬಾಯೊಳಗೆ ಗೊಣಗ್ತೀರಿ."

ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು. "ನಿಮ್ಮಮ್ಮನಿಗೆ ನನ್ನ ಮೇಲೆ ಏನೋ ಬೇಜಾರು ಕಣೇ. ಹಾಡೋದೇ ಬಿಟ್ಟಿದ್ದಾಳೆ. ಆರು ವರ್ಷ ಆಯ್ತು. ಯಾಕೆ ಅಂತ ಕೇಳೋಕೆ ಧೈರ್ಯ ಸಾಲದು."

ಅಮ್ಮ ಆಗ ನಾಲ್ಕು ಹೆಜ್ಜೆ ಆಚೆ ದಿಂಬಿನ ಚೀಲ ಹೊಲಿಯುತ್ತ ಗುನುಗುತ್ತಲೇ ಇದ್ದಳು.

"ಅಪ್ಪಾ, ಅಮ್ಮ ಈಗ್ಲೂ ಹಾಡ್ತಿದ್ದಾಳೆ," ಎಂದು ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ಅವರು ಅವಳ ತುಟಿಗಳನ್ನು ತುಂಬ ಹೊತ್ತು ನೋಡಿದರು. ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಕಿವಿ ಡಾಕ್ಟರು ಕವೆಯಂಥ ಉಕ್ಕಿನ ಕಡ್ಡಿಯೊಂದನ್ನು ಮೀಟಿ ಕಿವಿಯ ಮುಂದೆ ಹಿಡಿದರು. ಅಪ್ಪ ಅಡ್ಡಡ್ಡ ತಲೆಯಾಡಿಸಿದರು. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದಾಗ ಮುಖ ಅರಳಿತು.

"ಕಿವಿಯ ನರ ಚೆನ್ನಾಗಿದೆ. ಹೊರಗಿನ ಸದ್ದು ಒಳಗೆ ಹೋಗೋ ದಾರೀಲಿ ತಡೆ ಇದೆ, ಅಷ್ಟೇ. ಮೂಳೆಯ ಮೂಲಕ ಕೇಳುತ್ತಲ್ಲ, ಅದಕ್ಕೇ ನಿಮಗೆ ಗೊತ್ತಾಗಿಲ್ಲ," ಎಂದರು ಡಾಕ್ಟರು. ಅಷ್ಟು ವರ್ಷ ಅಪ್ಪನಿಗೆ ಮೋಸ ಮಾಡಿದ್ದು ಈ ಸ್ಕ್ರೂಡ್ರೈವರೇ.

ಕಿವಿಗೆ ಹಾಕುವ ಮಿಷನ್ ಬಂದ ದಿನ ಅಪ್ಪ ಯಾವ ಕೆಲಸಕ್ಕೂ ಕೈ ಹಚ್ಚದೆ ಸ್ಟೂಲಿನ ಮೇಲೆ ಕಾದು ಕೂತರು. ಅಮ್ಮ ನಾಚಿಕೊಂಡು ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಕೊನೆಗೆ ಹೊಲಿಗೆಯಲ್ಲಿ ಮೈಮರೆತಾಗ ಆ ಹಳೇ ರಾಗ ತಾನಾಗಿ ಹೊರಟಿತು.

"ಎಲ್ಲೋ ಕಿರ್ರ್ ಅಂತಿದೆಯಲ್ಲೇ..." ಎನ್ನುತ್ತ ಅಪ್ಪ ಎಣ್ಣೆಯ ಡಬ್ಬಿಗೆ ಕೈ ಚಾಚಿದರು.

ಅಮ್ಮ ಮಿಷನ್ ನಿಲ್ಲಿಸಿದಳು. "ನೀವು ಹೀಗಂದು ಆರು ವರ್ಷ ಆಯ್ತು. ನಾನು ನಿಮಗೆ ಬೇಡವಾದೆ ಅಂದ್ಕೊಂಡಿದ್ದೆ."