ಎದುರು ಮನೆಯ ಗುಳಿಗೆ

ಯಜಮಾನರ ಬುದ್ಧಿಹಲ್ಲು ಅಡ್ಡಡ್ಡ ಬೆಳೆದಿದೆ, ಕೀಳಲೇಬೇಕು ಎಂದು ಡಾಕ್ಟರು ಹೇಳಿದಾಗ ನನಗೆ ಹೆದರಿಕೆಯಾದದ್ದು ಹಲ್ಲಿಗಲ್ಲ, ಆಮೇಲೆ ನೋವಿಗೆ ಬರೆದುಕೊಡುವ ಗುಳಿಗೆಗೆ. ಹಿಂದೆ ಬೈಕಿನಿಂದ ಬಿದ್ದು ಬೆನ್ನಿಗೆ ಪೆಟ್ಟಾದಾಗ ಕೊಟ್ಟ ಜೋರು ಗುಳಿಗೆ ಅವರನ್ನು ಹಿಡಿದುಕೊಂಡಿತ್ತು. ಬೆನ್ನು ವಾಸಿಯಾಯಿತು, ಗುಳಿಗೆ ಬಿಡಲಿಲ್ಲ. ಅದನ್ನು ಬಿಡಿಸುವಷ್ಟರಲ್ಲಿ ನಾವಿಬ್ಬರೂ ಅರ್ಧ ಸತ್ತಿದ್ದೆವು. ಇನ್ನೊಂದು ಸಲ ನನ್ನ ಕೈಲಾಗುತ್ತಿರಲಿಲ್ಲ.

ನಾವಿರುವ ಧನಕವಡಿಯ ಆ ಹಲ್ಲಿನ ಡಾಕ್ಟರಿಗೆ ಮೊದಲೇ ಎಲ್ಲ ಹೇಳಿದೆ. ಆಕೆ ಎರಡು ಬಗೆಯ ಸಾದಾ ಗುಳಿಗೆ ಬರೆದು, ಗಡಿಯಾರ ನೋಡಿ ಕೊಡಿ, ನೋವು ಏರುವ ತನಕ ಕಾಯಬೇಡಿ, ಬಟ್ಟೆಯಲ್ಲಿ ಐಸ್ ಸುತ್ತಿ ಕೆನ್ನೆಗಿಡಿ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದರು. ಎರಡನೆಯ ದಿನ ಕಷ್ಟ ಎಂದೂ ಎಚ್ಚರಿಸಿದರು.

ಆ ಎರಡನೆಯ ದಿನ ಅವರ ಕೆನ್ನೆ ಬಾತು ಕಣ್ಣೇ ಸಣ್ಣದಾಗಿತ್ತು. ಐಸ್ ಕರಗಿ ಅಂಗಿ ತೊಯ್ದಿತ್ತು. ಹಲ್ಲು ಕಚ್ಚಿ ಸಹಿಸಬೇಕು ಎಂಬ ಮಾತು ಹುಟ್ಟಿಸಿದವರ ಹಲ್ಲು ಯಾರೂ ಕಿತ್ತಿರಲಿಕ್ಕಿಲ್ಲ. ಮುಂದಿನ ಗುಳಿಗೆಗೆ ಇನ್ನೂ ಹೊತ್ತಿತ್ತು. ಅವರು ಗಡಿಯಾರ ನೋಡುವುದನ್ನು ನಾನು ನೋಡುತ್ತಿದ್ದೆ. ಆ ನೋಟದ ಗುರುತು ನನಗಿತ್ತು, ಅದಕ್ಕೇ ಸಿಟ್ಟು ನೆತ್ತಿಗೇರಿತ್ತು.

ಅಷ್ಟರಲ್ಲಿ ಎದುರು ಮನೆಯ ಹಿರಿಯಾಕೆ ಕಾಕು ಬಂದರು. ಅವರೂ ನಮ್ಮ ವಿಜಯಪುರದ ಕಡೆಯವರೇ. ಯಾರಿಗೆ ಏನೇ ಬೇನೆ ಬರಲಿ, ತಮ್ಮ ಡಬ್ಬಿಯಿಂದ ಗುಳಿಗೆ ತಂದುಕೊಡುವುದು ಅವರ ರೂಢಿ. ಒಂದು ಕೈಯಲ್ಲಿ ರವೆ ಗಂಜಿ, ಇನ್ನೊಂದರಲ್ಲಿ ಗುಳಿಗೆಯ ಪಟ್ಟಿ.

"ನನ್ನ ಮೊಣಕಾಲ ಆಪರೇಶನ್ ಆದಾಗಿನವು, ಉಳದಾವ. ಒಂದ ನುಂಗ್ಲಿ, ಆರಾಮ ಮಲಗ್ತಾನ."

ಪಟ್ಟಿಯ ಮೇಲಿನ ಹೆಸರು ಓದಿದೆ. ಅದೇ ಗುಳಿಗೆ.

"ಅವರಿಗೆ ಅದು ಆಗಿ ಬರೂದಿಲ್ರಿ ಕಾಕು, ಮೈತುಂಬ ಗಂಧೆ ಏಳ್ತಾವ" ಎಂದೆ. ಎಲ್ಲರಿಗೂ ನಾನು ಹೇಳುತ್ತ ಬಂದಿದ್ದ ಸುಳ್ಳು ಅದು.

"ಹಂಗಾರ ಅರ್ಧಾ ಕೊಡವ್ವಾ" ಎನ್ನುತ್ತ ಕಾಕು ಪಟ್ಟಿಯನ್ನು ಮಂಚದ ಮೇಲಿಟ್ಟರು. ಯಜಮಾನರ ಕೈ ಅದರ ಮೇಲೆ ಬಿತ್ತು.

ಅವರು ಅದನ್ನೆತ್ತಿ ಕಾಕುವಿನ ಕಡೆ ಚಾಚಿದರು. ಬಾಯಿ ಸರಿಯಾಗಿ ತೆರೆಯದೆ ಮಾತು ತೊದಲಿತು.

"ನನಗ ಇದರ ಚಟಾ ಇತ್ತು ಕಾಕು. ಭಾಳ ಕಷ್ಟಪಟ್ಟ ಬಿಟ್ಟೀನಿ. ಒಯ್ರಿ ಇದನ್ನ."

ಆಯಿತು, ಸಂಜೆಯೊಳಗೆ ಇಡೀ ಸೊಸೈಟಿಯ ಮನೆಮನೆಗೂ ಡಂಗುರ, ನಮ್ಮ ಮರ್ಯಾದೆ ಮೂರು ಕಾಸಿಗೆ ಎಂದುಕೊಂಡೆ. ಕಾಕು ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲ ಕಡೆ ನಡೆದರು. ಆದರೆ ಹೊರಗೆ ಹೋಗಲಿಲ್ಲ. ಬಾಗಿಲು ಮುಚ್ಚಿ ಚಿಲಕ ಹಾಕಿ, ಮರಳಿ ಬಂದು ಯಜಮಾನರ ಎದುರಿಗೆ ಕುಳಿತರು.

"ಆಪರೇಶನ್ ಆಗಿ ನಾಕ ವರ್ಷ ಆತಪಾ" ಎಂದರು. "ಇವು ನಿನ್ನೆ ತಂದದ್ದು. ಮನ್ಯಾಗ ಯಾರಿಗೂ ಗೊತ್ತಿಲ್ಲ. ನೀ ಹ್ಯಾಂಗ ಬಿಟ್ಟಿ, ಹೇಳು."